ಬೇಕಂತಲೇ ತಪ್ಪಿದ ಅಂಚು

ಕೋಡ್ ಬರೆಯುವವರ ಲೋಕದಲ್ಲಿ ಆಸ್ತಿ ಪಾಲಿಗಿಂತ ದೊಡ್ಡ ತಕರಾರು ಒಂದಿದೆ. ಸಾಲನ್ನು ಎಲ್ಲಿಂದ ಶುರು ಮಾಡಬೇಕು ಎಂಬುದೇ ಅದು. ಒಂದು ಸಾಲಿನ ಹೊಟ್ಟೆಯೊಳಗೆ ಇನ್ನೊಂದು ಸೇರಿದ್ದರೆ, ಒಳಗಿನದನ್ನು ಎಡಗಡೆಯ ಅಂಚಿನಿಂದ ಸ್ವಲ್ಪ ಒಳಕ್ಕೆ ಸರಿಸಿ ಬರೆಯಬೇಕು. ಎಷ್ಟು ಒಳಕ್ಕೆ? ಕೆಲವರು ಟ್ಯಾಬ್ ಗುಂಡಿಯನ್ನು ಒಮ್ಮೆ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಕೆಲವರು ಎರಡು ಸ್ಪೇಸ್ ಸಾಕು ಎನ್ನುತ್ತಾರೆ. ಇನ್ನು ಕೆಲವರಿಗೆ ನಾಲ್ಕು ಸ್ಪೇಸ್ ಇಲ್ಲದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಬಹಳಷ್ಟು ಕಡೆ ಕಂಪ್ಯೂಟರಿಗೆ ಇದರಿಂದ ಆಗಬೇಕಾದ್ದು ಏನೂ ಇಲ್ಲ, ಅದು ಎಲ್ಲವನ್ನೂ ಒಂದೇ ಸಮ ನುಂಗುತ್ತದೆ. ತಲೆಕೆಡಿಸಿಕೊಳ್ಳುವವರು ಮನುಷ್ಯರು ಮಾತ್ರ. ಟ್ಯಾಬಿನವರೂ ಸ್ಪೇಸಿನವರೂ ಒಬ್ಬರ ಮುಖ ಒಬ್ಬರು ನೋಡದ ಆಫೀಸುಗಳಿವೆ ಎಂದರೆ ನೀವು ನಂಬಬೇಕು.

ಈ ರಗಳೆಯೇ ಬೇಡವೆಂದು ಬುದ್ಧಿವಂತರು ಒಂದು ಉಪಾಯ ಮಾಡಿದ್ದಾರೆ. ಪ್ರಾಜೆಕ್ಟಿನ ಜೊತೆಗೇ ಒಂದು ಪುಟ್ಟ ಫೈಲ್ ಇಟ್ಟಿರುತ್ತಾರೆ. 'ನಮ್ಮಲ್ಲಿ ನಾಲ್ಕು ಸ್ಪೇಸ್, ಟ್ಯಾಬ್ ಇಲ್ಲ' ಎಂಬಷ್ಟೇ ಅದರ ಸಾರ. ನಾವು ಕೋಡ್ ಬರೆಯಲು ಬಳಸುವ ಎಡಿಟರ್ ಎಂಬ ಪ್ರೋಗ್ರಾಮಿನ ಸೆಟ್ಟಿಂಗಿಗೆ ಹೋಗಿ 'ಪ್ರಾಜೆಕ್ಟ್ ಹೇಳಿದಂತೆ ಕೇಳು' ಎನ್ನುವ ಕಡೆ ಒಂದು ಗುರುತು ಹಾಕಿದರೆ ಮುಗಿಯಿತು. ಆಮೇಲೆ ನಿಮ್ಮ ಬೆರಳು ಹಳೆಯ ಚಾಳಿಯಿಂದ ಟ್ಯಾಬನ್ನೇ ಒತ್ತಿದರೂ ಎಡಿಟರ್ ಸದ್ದಿಲ್ಲದೆ ನಾಲ್ಕು ಸ್ಪೇಸ್ ಹಾಕುತ್ತದೆ. ಮಗು ಕೂಡ ಮಾಡಬಹುದಾದ ಕೆಲಸ.

ಈ ಕತೆಯ ಮನುಷ್ಯನಿಗೆ ಅದು ಬರುತ್ತಿರಲಿಲ್ಲ. ಅಂದರೆ, ಬರುತ್ತಿರಲಿಲ್ಲ ಎಂದು ಅವನು ಎಲ್ಲರನ್ನೂ ನಂಬಿಸಿದ್ದ.

ಅವನನ್ನು ಕಂಪನಿಯಲ್ಲಿ ಹೊಸಬ ಎನ್ನುತ್ತಿದ್ದರು. ಅರ್ಧ ತಲೆ ಬೆಳ್ಳಗಾದವನನ್ನು ಹಾಗೆ ಕರೆಯುವುದು ತಮಾಷೆಯೇ. ಆದರೆ ಎಲ್ಲರಿಗಿಂತ ಕೊನೆಗೆ ಸೇರಿದವನು ಅವನು, ಅವನ ನಂತರ ಯಾರೂ ಸೇರಲಿಲ್ಲವಾದ್ದರಿಂದ ಹೆಸರು ಅಂಟಿಕೊಂಡುಬಿಟ್ಟಿತು. ಬಸ್ ನಿಲ್ದಾಣಗಳಲ್ಲಿ ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆಂದು ತೋರಿಸುವ ಬೋರ್ಡುಗಳಿರುತ್ತವಲ್ಲ, ಅವುಗಳ ಹಿಂದಿನ ಪ್ರೋಗ್ರಾಂ ಆ ಕಂಪನಿಯದು. ಚಿಕ್ಕ ಕಂಪನಿ. ಆಫೀಸಿಗೆ ಯಾರೂ ಬರುತ್ತಿಲ್ಲವೆಂದು ಬಾಡಿಗೆಯ ಜಾಗವನ್ನೇ ಬಿಟ್ಟುಕೊಟ್ಟು, ಅವರವರ ಮನೆಯಲ್ಲಿ ಅವರವರು ಕೂತು ಕೆಲಸ ಮಾಡುತ್ತಿದ್ದರು. ಹೊಸಬ ಅವರಲ್ಲಿ ಒಬ್ಬರನ್ನೂ ಮುಖತಃ ಕಂಡವನಲ್ಲ. ಮೀಟಿಂಗಿನಲ್ಲಿ ಕೂಡ ಎಲ್ಲರೂ ಕ್ಯಾಮೆರಾ ಆರಿಸಿ ಕೂರುತ್ತಿದ್ದರು. ಪರದೆ ತುಂಬ ಕಪ್ಪು ಚೌಕಗಳು, ಚೌಕಕ್ಕೊಂದು ಧ್ವನಿ.

ಅವನ ಮನೆ ಮಹಡಿಯ ಮೇಲಿನ ಎರಡು ಕೋಣೆ. ಕಿಟಕಿ ತೆಗೆದರೆ ಕೆಳಗೆ ಬಸ್ ನಿಲ್ದಾಣ, ಅದರ ನೆತ್ತಿಯ ಮೇಲೆ ಅವನ ಕಂಪನಿಯದೇ ಬೋರ್ಡು. ಒಳಗೆ ಎರಡು ಕುರ್ಚಿ. ಒಂದರಲ್ಲಿ ಅವನು ಕೂರುತ್ತಿದ್ದ, ಇನ್ನೊಂದರಲ್ಲಿ ಒಗೆದು ಒಣಗಿದ ಬಟ್ಟೆಗಳು ಕೂರುತ್ತಿದ್ದವು. ಹೆಂಡತಿ ಬಿಟ್ಟುಹೋಗಿ ಕೆಲವು ವರ್ಷಗಳಾಗಿದ್ದವು. ಜಗಳವೇನೂ ಆಗಿರಲಿಲ್ಲ. ಒಂದು ದಿನ "ನಿಮ್ಮ ಜೊತೆ ಇದ್ರೂ ಒಬ್ಬಳೇ ಇದ್ದ ಹಾಗೇ ಇರುತ್ತೆ" ಎಂದಳು, ಇವನು ಅದಕ್ಕೂ ಏನೂ ಹೇಳಲಿಲ್ಲ, ಅವಳು ಹೋದಳು. ಜಗಳವಾಡಿದ್ದರೆ ನೆನೆದು ಬಯ್ದುಕೊಳ್ಳುವುದಕ್ಕಾದರೂ ಏನಾದರೂ ಉಳಿಯುತ್ತಿತ್ತು. ಭಾನುವಾರಕ್ಕೊಮ್ಮೆ ತಂಗಿ ಫೋನ್ ಮಾಡಿ "ಏನಣ್ಣಾ, ಆರಾಮಾ?" ಎಂದು ಕೇಳಿ, ಅವನು ಹೂಂ ಎನ್ನುವ ಮೊದಲೇ ತನ್ನ ಗಂಡನ ಬಿ.ಪಿ., ಮಗನ ಪರೀಕ್ಷೆ, ಪಕ್ಕದ ಮನೆಯವರ ನಾಯಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಇಟ್ಟುಬಿಡುತ್ತಿದ್ದಳು. ಒಳ್ಳೆಯ ಹೆಣ್ಣುಮಗಳು. ಆದರೆ ಕೇಳಿಸಿಕೊಳ್ಳುವ ಗುಣ ಆ ವಂಶದಲ್ಲಿ ಯಾರಿಗೂ ಇರಲಿಲ್ಲ, ಹೇಳಿಕೊಳ್ಳುವ ಗುಣ ಇವನಿಗಂತೂ ಇರಲೇ ಇಲ್ಲ.

ಕಂಪನಿಯ ಕ್ರಮ ಹೀಗಿತ್ತು: ಯಾರೇ ಕೋಡಿನಲ್ಲಿ ಬದಲಾವಣೆ ಮಾಡಿದರೂ ಅದು ನೇರವಾಗಿ ಬೋರ್ಡಿಗೆ ಹೋಗುವಂತಿಲ್ಲ. ಮೊದಲು ಇನ್ನೊಬ್ಬರು ಸಾಲುಸಾಲಾಗಿ ಓದಬೇಕು. ಸರಿಯಿದ್ದರೆ ಹಸಿರು ಗುರುತು ಒತ್ತಿ ಮುಂದಕ್ಕೆ ಬಿಡುತ್ತಾರೆ, ಇಲ್ಲದಿದ್ದರೆ ಒಂದು ಟಿಪ್ಪಣಿ ಬರೆದು ವಾಪಸ್ ಕಳಿಸುತ್ತಾರೆ. ಓದುವ ಕೆಲಸ ಒಬ್ಬ ಹಿರಿಯ ಹೆಂಗಸಿನದು. ಬೇರೆಯವರ ಅಂಚು ಕತ್ತರಿಸಿ ಒಪ್ಪ ಮಾಡುವವರೆಂದು ಅವರಿಗೆ ದರ್ಜಿ ಎಂದು ಹೆಸರಿಟ್ಟಿದ್ದರು. ಅವರೂ ಅದನ್ನು ಒಪ್ಪಿಕೊಂಡು ತಮ್ಮ ಕಪ್ಪು ಚೌಕದ ಮೇಲೆ ದರ್ಜಿ ಎಂದೇ ಬರೆದುಕೊಂಡಿದ್ದರು.

ಹೊಸಬ ಕಳಿಸಿದ ಮೊದಲ ಬದಲಾವಣೆ ವಾಪಸ್ ಬಂತು. ಹಳೆಯ ಕೆಲಸದ ಅಭ್ಯಾಸದಂತೆ ಟ್ಯಾಬ್ ಒತ್ತಿದ್ದ. ದರ್ಜಿಯ ಟಿಪ್ಪಣಿ ಹೀಗಿತ್ತು: "ಕೆಲಸ ಚೆನ್ನಾಗಿದೆ, ಅಂಚು ಸರಿ ಇಲ್ಲ. ನಮ್ಮಲ್ಲಿ ನಾಲ್ಕು ಸ್ಪೇಸ್. ಎಡಿಟರ್‌ನ ಒಂದ್ಸಲ ಸೆಟ್ ಮಾಡ್ಕೊಂಡ್‌ಬಿಡಿ, ಆಮೇಲೆ ನಿಮಗೆ ತೊಂದ್ರೆ ಇರಲ್ಲ. ಅರ್ಜೆಂಟೇನಿಲ್ಲ, ಊಟ ಮಾಡಿ ಕೂತ್ಕೊಳ್ಳಿ. ಊಟ ಆಯ್ತಾ?"

ಹೊಸಬ ಆ ಕೊನೆಯ ಎರಡು ಪದಗಳನ್ನು ಸುಮಾರು ಹೊತ್ತು ನೋಡಿದ. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವ ಮಾತು ಅದು, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಆದರೆ ಅವನಿಗೆ ದಾರಿಯಲ್ಲಿ ಯಾರೂ ಸಿಗುತ್ತಿರಲಿಲ್ಲ. ಎದ್ದು ಹೋಗಿ, ಬೆಳಗಿನ ಅನ್ನ ಬಿಸಿ ಮಾಡಿ, ತಟ್ಟೆಗೆ ಹಾಕಿಕೊಂಡು ತಿಂದು, ಕೈತೊಳೆದು ಬಂದು "ಆಯ್ತು ಮೇಡಂ" ಎಂದು ಬರೆದ. ಬರೆದದ್ದು ಸುಳ್ಳಾಗಬಾರದು ಎನ್ನುವಷ್ಟು ಮರ್ಯಾದೆ ಆಗ ಅವನಲ್ಲಿತ್ತು.

ಆಮೇಲೆ ಎಡಿಟರಿನ ಸೆಟ್ಟಿಂಗಿಗೆ ಹೋಗಿ ಗುರುತು ಹಾಕಿದ. ವಕ್ರವಾಗಿ ನಿಂತಿದ್ದ ಸಾಲುಗಳೆಲ್ಲ ಒಮ್ಮೆಗೇ ಸರಿದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಮತ್ತೆ ಕಳಿಸಿದ. ಹಸಿರು ಗುರುತು ಬಂತು. ಕೆಳಗೆ ಬರಹವೇನೂ ಇರಲಿಲ್ಲ.

ಮುಂದಿನದಕ್ಕೂ ಹಸಿರು ಗುರುತು, ಅದರ ಮುಂದಿನದಕ್ಕೂ. ಕೆಲಸ ಸರಿಯಾಗಿ ಮಾಡುವವನಿಗೆ ಸಿಗುವ ಸಂಭಾವನೆ ಅದು: ಯಾರೂ ಮಾತಾಡಿಸುವುದಿಲ್ಲ. ಹೊಸಬ ದಿನವಿಡೀ ಕೂತು ಬರೆದು, ಕಳಿಸಿ, ಹಸಿರು ಗುರುತು ಪಡೆದು, ಕಿಟಕಿ ತೆಗೆದು ಬಸ್ಸುಗಳನ್ನು ನೋಡಿ, ಕಿಟಕಿ ಹಾಕುತ್ತಿದ್ದ. ಕೆಲವು ಸಂಜೆ ಬಾಯಿ ತೆರೆದು ಒಂದು ಮಾತೂ ಆಡಿಲ್ಲವೆಂದು ನೆನಪಾಗಿ, ಗಂಟಲು ಇದೆಯೋ ಇಲ್ಲವೋ ನೋಡೋಣವೆಂದು ಕೆಮ್ಮುತ್ತಿದ್ದ.

ಒಂದು ಮಧ್ಯಾಹ್ನ ಅವನು ಮತ್ತೆ ಸೆಟ್ಟಿಂಗಿಗೆ ಹೋಗಿ ಆ ಗುರುತನ್ನು ತೆಗೆದುಹಾಕಿದ. ಯಾಕೆಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಟ್ಯಾಬ್ ಒತ್ತಿ ಬರೆದು ಕಳಿಸಿ, ಶಾಲೆಯಲ್ಲಿ ಚೇಷ್ಟೆ ಮಾಡಿದವನಂತೆ ಕಾದ.

ಟಿಪ್ಪಣಿ ಬಂತು. "ಮತ್ತೆ ಟ್ಯಾಬ್ ಬಂದ್‌ಬಿಟ್ಟಿದೆಯಲ್ಲ. ಸೆಟ್ ಮಾಡಿದ್ದು ಹೋಗಿರ್ಬೇಕು, ನನಗೂ ಒಂದ್ಸಲ ಹಾಗೇ ಆಗಿತ್ತು. ಮೇಲ್ಗಡೆ ಮೆನು ತೆಗೀರಿ, ಸೆಟ್ಟಿಂಗ್ ಅಂತ ಇದೆ, ಅದರೊಳಗೆ ಕೆಳಗಡೆ ಬನ್ನಿ. ಆಗ್ಲಿಲ್ಲ ಅಂದ್ರೆ ಹೇಳಿ. ನಮ್ಮನೆ ಮುಂದೆ ರಸ್ತೆ ಅಗೀತಿದ್ದಾರೆ, ಬೆಳಿಗ್ಗೆಯಿಂದ ತಲೆ ಚಿಟ್ಟು ಹಿಡಿದುಹೋಗಿದೆ."

"ನಮ್ಮ ಕಡೇನೂ ಹೋದ ವರ್ಷ ಅಗೆದಿದ್ರು ಮೇಡಂ" ಎಂದು ಅವನು ಉತ್ತರ ಬರೆದ. "ಎಡಿಟರ್ ಯಾಕೋ ಮಾತು ಕೇಳ್ತಿಲ್ಲ."

ಪಾಪ, ಎಡಿಟರಿನ ಮೇಲೆ ಗೂಬೆ ಕೂರಿಸಿದ. ಅದಕ್ಕೆ ಬಾಯಿಲ್ಲ.

ಅಂದಿನಿಂದ ಹೊಸಬನಿಗೆ ಎರಡು ಕೆಲಸವಾಯಿತು. ಒಂದು, ಕೋಡ್ ಬರೆಯುವುದು. ಇನ್ನೊಂದು, ಅದರಲ್ಲಿ ಅಂಚು ಎಲ್ಲಿ ತಪ್ಪಬೇಕು ಎಂದು ಯೋಚಿಸುವುದು. ಎರಡನೆಯದಕ್ಕೇ ಹೆಚ್ಚು ತಲೆ ಖರ್ಚಾಗುತ್ತಿತ್ತು. ತೀರಾ ಎದ್ದು ಕಾಣುವಂತೆ ತಪ್ಪಿದರೆ ಕೆಲಸಕ್ಕೆ ಬಾರದವನೆಂದು ಮನೆಗೆ ಕಳಿಸುತ್ತಾರೆ. ಕಾಣದಂತೆ ತಪ್ಪಿದರೆ ಟಿಪ್ಪಣಿಯೇ ಬರುವುದಿಲ್ಲ. ಒಂದು ದಿನ ಮೂರು ಸ್ಪೇಸ್, ಒಂದು ದಿನ ಎರಡು, ಮಧ್ಯೆ ಒಂದೊಂದು ದಿನ ಸಂಶಯ ಬಾರದಿರಲೆಂದು ಎಲ್ಲ ಸರಿ. ಕೈಗೆ ಸಿಕ್ಕಿಬೀಳದ ಕಳ್ಳನ ನಾಜೂಕು ಅವನಿಗೆ ಬಂದುಬಿಟ್ಟಿತು. ದರ್ಜಿ ಪ್ರತಿಸಲವೂ ಬೇಸರಿಸದೆ ಅದೇ ದಾರಿಯನ್ನು ಹೊಸ ಹೊಸ ಮಾತಿನಲ್ಲಿ ಹೇಳಿಕೊಡುತ್ತಿದ್ದರು. ಜೊತೆಗೆ ಇನ್ನೇನಾದರೂ ಇರುತ್ತಿತ್ತು. ಕನ್ನಡಕ ಬದಲಾಯಿಸಿದ್ದು, ಬೆಕ್ಕು ಕೀಬೋರ್ಡಿನ ಮೇಲೆ ಮಲಗಿದ್ದು, ಬೇರೆ ಊರಿನಲ್ಲಿರುವ ಮಗಳು ಕಳಿಸಿದ ಸ್ವೆಟರ್ ಇಬ್ಬರು ದರ್ಜಿಯರಿಗಾಗುವಷ್ಟು ದೊಡ್ಡದಾದದ್ದು. ಅವನೂ ಬರೆಯುತ್ತಿದ್ದ. ಕಿಟಕಿಯಿಂದ ಕಂಡದ್ದನ್ನು, ತಂಗಿ ಹೇಳಿದ ನಾಯಿಯ ಕತೆಯನ್ನು, ಒಮ್ಮೆ ಹೆಂಡತಿ ಹೋದದ್ದನ್ನೂ ಬರೆದ. ಬಾಯಲ್ಲಿ ಯಾರಿಗೂ ಹೇಳದವನು ಅಂಚಿನ ನೆಪದಲ್ಲಿ ಹೇಳಿದ. "ಛೆ" ಎಂದಷ್ಟೇ ಅವರು ಬರೆದರು. ಆಮೇಲೆ, "ಸಾಲು ನಲವತ್ತರಲ್ಲಿ ಎರಡು ಸ್ಪೇಸ್ ಕಮ್ಮಿ ಇದೆ" ಎಂದು ಸೇರಿಸಿದರು. ಆ ಉತ್ತರದಿಂದ ಅವನಿಗೆ ತುಂಬ ಸಮಾಧಾನವಾಯಿತು.

ಮನಸ್ಸು ಚುಚ್ಚುತ್ತಿರಲಿಲ್ಲವೇ? ಚುಚ್ಚುತ್ತಿತ್ತು. ಒಂದು ಟಿಪ್ಪಣಿಯಲ್ಲಿ ದರ್ಜಿ ಹೀಗೆ ಬರೆದಿದ್ದರು: "ನನ್ನ ಮಗಳು ಚಿಕ್ಕವಳಿದ್ದಾಗಿಂದ ಹೇಳ್ತಾಳೆ, ಅಮ್ಮಂಗೆ ಹೇಳಿಕೊಡೋಕೆ ತಾಳ್ಮೆ ಇಲ್ಲ ಅಂತ. ನಿಮ್ಮ ವಿಷಯ ಹೇಳಿದೀನಿ ಅವಳಿಗೆ. ಒಬ್ಬರಿದ್ದಾರೆ, ಅವರು ಕಲಿಯೋವರೆಗೂ ಬಿಡಲ್ಲ ಅಂದಿದೀನಿ." ಅದನ್ನು ಓದಿದ ದಿನ ಹೊಸಬ ನಾಲಿಗೆ ಕಚ್ಚಿಕೊಂಡು, ಸೆಟ್ಟಿಂಗಿನ ಪುಟ ತೆಗೆದು, ಗುರುತಿನ ಖಾಲಿ ಚೌಕದ ಮೇಲೆ ಬಾಣದ ತುದಿ ಇಟ್ಟುಕೊಂಡು ಕೂತಿದ್ದ. ಒತ್ತಲಿಲ್ಲ. ಒತ್ತಿದರೆ ಅವರೊಂದಿಗಿನ ಮಾತು ಅಲ್ಲಿಗೇ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು.

ಅಷ್ಟರಲ್ಲಿ ಕಂಪನಿಗೆ ಇನ್ನಷ್ಟು ನಿಲ್ದಾಣಗಳ ಕೆಲಸ ಬಂತು. ದರ್ಜಿಯ ಮುಂದೆ ಓದಬೇಕಾದ ಕೋಡ್ ರಾಶಿ ಬಿತ್ತು. ಟಿಪ್ಪಣಿಗಳು ಗಿಡ್ಡವಾದವು. "ಸಾಲು ಹನ್ನೆರಡು, ಅಂಚು." ಅಷ್ಟೇ. ಬೆಕ್ಕಿಲ್ಲ, ರಸ್ತೆಯಿಲ್ಲ. ಹೊಸಬ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಬಂದ ಮೂರು ಪದಗಳನ್ನು ತಿರುಗಿಸಿ ಮುರುಗಿಸಿ ಓದುತ್ತಿದ್ದ. ಅವರಿಗೆ ಕೆಲಸ ಜಾಸ್ತಿ ಎಂದು ಬುದ್ಧಿಗೆ ತಿಳಿಯುತ್ತಿತ್ತು. ಆದರೆ ಆಸೆ ಬುದ್ಧಿಯ ಮಾತನ್ನು ಯಾವತ್ತು ಕೇಳಿದೆ? ಚಿಕ್ಕ ತಪ್ಪಿಗೆ ಚಿಕ್ಕ ಟಿಪ್ಪಣಿಯಾದರೆ ದೊಡ್ಡ ತಪ್ಪಿಗೆ ದೊಡ್ಡದು ಬಂದೀತು ಎಂದು ಲೆಕ್ಕ ಹಾಕಿದ.

ಆಗ ಅವನ ಕೈಯಲ್ಲಿದ್ದದ್ದು ಹೊರಟುಹೋದ ಬಸ್ಸನ್ನು ಬೋರ್ಡಿನಿಂದ ಅಳಿಸುವ ಕೆಲಸ. ಅಂಥ ಕಷ್ಟದ್ದಲ್ಲ, ಒಂದೇ ಒಂದು ಸಾಲು ಬದಲಾಗಬೇಕಿತ್ತು. ಅವನು ಆ ಸಾಲನ್ನು ಬದಲಾಯಿಸಿ, ಆಮೇಲೆ ಇಡೀ ಫೈಲನ್ನೇ ಟ್ಯಾಬಿಗೆ ತಿರುಗಿಸಿ ಕಳಿಸಿದ. ಫೈಲಿನ ಒಂದು ಸಾಲೂ ಇದ್ದಲ್ಲಿ ಇರಲಿಲ್ಲ. ಬದಲಾದದ್ದಕ್ಕೆಲ್ಲ ಬಣ್ಣ ಹಚ್ಚಿ ತೋರಿಸುವ ದರ್ಜಿಯ ಪರದೆಯ ಮೇಲೆ ಹಳೆಯದೆಲ್ಲ ಕೆಂಪಾಗಿ, ಹೊಸದೆಲ್ಲ ಹಸಿರಾಗಿ, ನಿಜವಾಗಿ ಬದಲಾದ ಆ ಒಂದು ಸಾಲು ಸಂತೆಯಲ್ಲಿ ಕೈತಪ್ಪಿದ ಕೂಸಿನ ಹಾಗೆ ಎಲ್ಲೋ ನಡುವೆ ಸೇರಿಹೋಗಿತ್ತು.

ಉದ್ದನೆಯ ಟಿಪ್ಪಣಿಯೇ ಬಂತು. ಎಷ್ಟು ದಿನದಿಂದ ಕಾದಿದ್ದನೋ ಅಷ್ಟು ಉದ್ದ. "ಅಯ್ಯೋ ದೇವರೇ, ಈ ಸಲ ಪೂರ್ತಿ ಹೋಗಿದೆ. ಇರ್ಲಿ, ಗಾಬರಿ ಆಗ್ಬೇಡಿ. ಬೇರೆ ಎಲ್ಲ ಬದಿಗಿಟ್ಟಿದೀನಿ, ಮೊದಲಿಂದ ಹೇಳ್ತೀನಿ" ಎಂದು ಶುರುವಾಗಿ, ಸೆಟ್ಟಿಂಗಿನ ದಾರಿ ಹೇಳಿ, ಮಗಳು ರಜೆಗೆ ಬರುವುದಿಲ್ಲವಂತೆ ಎಂದು ಹೇಳಿ, "ನೀವಾದ್ರೂ ದಿನಾ ಏನಾದ್ರೂ ಕಳಿಸ್ತೀರಿ" ಎಂದು ಮುಗಿದಿತ್ತು. ಹೊಸಬ ಅದನ್ನು ಓದಿ ಹೊಟ್ಟೆ ತಣ್ಣಗಾಗಿ, ಸಾಲುಗಳನ್ನೆಲ್ಲ ನಾಲ್ಕು ಸ್ಪೇಸಿಗೆ ತಂದು, "ಅಂಚು ಬಿಟ್ಟು ಬೇರೇನೂ ಮುಟ್ಟಿಲ್ಲ ಮೇಡಂ" ಎಂದು ಬರೆದು ವಾಪಸ್ ಕಳಿಸಿದ. ಎರಡನೇ ಸಲ ಪರದೆ ತೋರಿಸುವುದು ಮೊದಲ ಸಲಕ್ಕಿಂತ ಏನು ಬೇರೆಯಾಗಿದೆ ಎಂಬುದನ್ನು ಮಾತ್ರ. ಅದು ಅಂಚೇ. ದರ್ಜಿ ಅಂಚು ನೋಡಿದರು, ಹಸಿರು ಗುರುತು ಒತ್ತಿದರು.

ಆ ಒಂದು ಸಾಲು ತಪ್ಪಾಗಿತ್ತು. ಇದು ಬೇಕಂತ ಮಾಡಿದ್ದಲ್ಲ. ಹೋದ ಬಸ್ಸನ್ನು ಅಳಿಸಬೇಕಾದ ಕಡೆ ಉಳಿಸು ಎಂದು ಬರೆದಿದ್ದ. ಸುಳ್ಳು ತಪ್ಪುಗಳನ್ನು ಅಷ್ಟು ಜೋಪಾನವಾಗಿ ಜೋಡಿಸುತ್ತಿದ್ದವನು ನಿಜವಾದ ತಪ್ಪನ್ನು ನೋಡಲೇ ಇಲ್ಲ.

ಮರುದಿನ ಸಂಜೆ ಕಿಟಕಿ ತೆಗೆದಾಗ ನಿಲ್ದಾಣದಲ್ಲಿ ಜನ ತುಂಬಿದ್ದರು. ಬಸ್ಸು ಹೊರಟುಹೋದದ್ದನ್ನು ಅವನೇ ಸ್ವಲ್ಪ ಮುಂಚೆ ಕಿಟಕಿಯ ಗಾಜಿನಿಂದ ನೋಡಿದ್ದ. ಆದರೂ ಬೋರ್ಡು 'ಎರಡು ನಿಮಿಷ' ಎನ್ನುತ್ತಿತ್ತು. ನೋಡುತ್ತ ನಿಂತ. ಬೋರ್ಡು ಎರಡು ನಿಮಿಷ ಎನ್ನುವುದನ್ನು ಬಿಡಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗೆ ಓಡಿದ.

ಒಬ್ಬ ಹೆಂಗಸು ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಅವನು ಹತ್ತಿರ ಹೋಗಿ, "ಬಸ್ಸು ಹೋಯ್ತಮ್ಮ. ಇನ್ನೊಂದು ಬರೋದು ತುಂಬಾ ಹೊತ್ತಾಗುತ್ತೆ" ಎಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೋರ್ಡಲ್ಲಿ ಎರಡು ನಿಮಿಷ ಅಂತಿದೆಯಲ್ಲ."

"ಬೋರ್ಡ್ ತಪ್ಪಾಗಿದೆ."

"ನಿಮಗೆ ಹೇಗೆ ಗೊತ್ತು?"

ಅದು ನನ್ನದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಇಂಥವರ ಸಹವಾಸ ಬೇಡವೆಂಬಂತೆ ಎರಡು ಹೆಜ್ಜೆ ಆಚೆ ಸರಿದು, ಮತ್ತೆ ಬೋರ್ಡನ್ನೇ ನೋಡತೊಡಗಿದಳು. ಉಳಿದವರೂ ಅಷ್ಟೇ. ಎಲ್ಲರ ಮುಖ ಮೇಲಕ್ಕೆ, ಎಲ್ಲರಿಗೂ ಎರಡು ನಿಮಿಷದ ಭರವಸೆ. ಊರಿನ ಎಲ್ಲ ನಿಲ್ದಾಣಗಳಲ್ಲೂ ಈಗ ಹೀಗೇ ನಿಂತಿರುತ್ತಾರೆಂದು ಅವನಿಗೆ ಹೊಳೆಯಿತು. ಮೇಲೆ ಓಡಿ, ಸಾಲನ್ನು ಸರಿಪಡಿಸಿ, ಕಂಪನಿಯ ಮುಖ್ಯಸ್ಥರಿಗೆ ಫೋನ್ ಮಾಡಿದ. ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಮೇಸ್ತ್ರಿಗೆ ಅಷ್ಟರಲ್ಲಿ ಬೇರೆ ಕಡೆಯಿಂದ ಬೈಗುಳ ಶುರುವಾಗಿತ್ತು.

ಬೆಳಿಗ್ಗೆ ಮೀಟಿಂಗ್. ಕಪ್ಪು ಚೌಕಗಳು ಒಂದೊಂದಾಗಿ ಬಂದು ಕೂತವು.

"ಇಂಥದ್ದು ಹೇಗೆ ದಾಟಿ ಹೋಯ್ತು?" ಎಂದು ಮೇಸ್ತ್ರಿ ಕೇಳಿದರು.

ಹೊಸಬ ಬಾಯಿ ತೆರೆಯುವ ಮೊದಲೇ ದರ್ಜಿಯ ಧ್ವನಿ ಬಂತು. "ಅದು ನಂದೇ. ಓದಬೇಕಾದವಳು ನಾನು. ಅವರು ಬರೆದಿದ್ದು ಸರಿ, ತಪ್ಪು ಎರಡೂ ನನ್ನ ಕಣ್ಣಿಗೆ ಬೀಳ್ಬೇಕಿತ್ತು. ಅವರಿಗೆ ಅಂಚು ಇನ್ನೂ ಕೂತಿಲ್ಲ, ನಾನು ಅದರ ಮೇಲೇ ಗಮನ ಇಟ್ಟು ಒಳಗಿನದನ್ನ ಬಿಟ್ಟೆ."

ಮೇಸ್ತ್ರಿ ಕೆಟ್ಟವರಲ್ಲ. ಮೆಲ್ಲಗೆ ಹೇಳಿದರು: "ಮೇಡಂ, ನಿಮಗೂ ಸಾಕಾಗಿರ್ಬೇಕು. ಇಷ್ಟು ವರ್ಷದಿಂದ ನೀವೇ ನೋಡ್ತಿದ್ದೀರಿ. ಓದೋ ಕೆಲಸ ಇನ್ಮೇಲೆ ಬೇರೆಯವರು ನೋಡ್ಕೊಳ್ಳಲಿ. ನೀವು ಸ್ವಲ್ಪ ವಿಶ್ರಾಂತಿ ತಗೊಳ್ಳಿ."

ವಿಶ್ರಾಂತಿ ಎಂಬ ಪದದ ಅರ್ಥ ಆ ಚೌಕಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಓದುವುದನ್ನು ಬಿಟ್ಟರೆ ದರ್ಜಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ. "ಸರಿ" ಎಂದರು ಅವರು. ಆ ಧ್ವನಿಯಲ್ಲಿ ಕೋಪವೇನೂ ಇರಲಿಲ್ಲ, ಸೋತುಹೋಗಿತ್ತು.

ಸುಮ್ಮನಿದ್ದರೆ ಹೊಸಬನಿಗೆ ಏನೂ ಆಗುತ್ತಿರಲಿಲ್ಲ. ಸುಮ್ಮನಿರುವುದು ಅವನ ಜೀವಮಾನದ ಅಭ್ಯಾಸ. ಹೆಂಡತಿ ಬಾಗಿಲು ದಾಟುವಾಗಲೂ ಸುಮ್ಮನಿದ್ದವನು. ಆದರೂ ಮೈಕ್ ಒತ್ತಿದ.

"ಮೇಸ್ತ್ರಿ, ತಪ್ಪು ಮೇಡಂದಲ್ಲ. ನನಗೆ ಎಡಿಟರ್ ಸೆಟ್ ಮಾಡೋಕೆ ಬರುತ್ತೆ. ಸೇರಿದ ವಾರಾನೇ ಸೆಟ್ ಮಾಡಿದ್ದೆ. ಆಮೇಲೆ ನಾನೇ ತೆಗೆದೆ."

"ತೆಗೆದ್ರಾ? ಯಾಕ್ರೀ?"

"ಬೇಕಂತ ತೆಗೆದೆ. ಅಂಚು ಬೇಕಂತಲೇ ತಪ್ಪಿಸ್ತಿದ್ದೆ. ಈ ಸಲ ಇಡೀ ಫೈಲ್ ಕೆಡಿಸಿದ್ದೂ ಬೇಕಂತಲೇ. ಅದರಲ್ಲಿ ಆ ಸಾಲು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಬೇರೇನೂ ಮುಟ್ಟಿಲ್ಲ ಅಂತ ಬರೆದು ನಂಬಿಸಿದವನೂ ನಾನೇ."

"ಅದೇ ಕೇಳ್ತಿರೋದು, ಯಾಕೆ?"

"ವಾಪಸ್ ಬರ್ಲಿ ಅಂತ. ವಾಪಸ್ ಬಂದ್ರೆ ಮೇಡಂ ಏನಾದ್ರೂ ಬರೆದಿರ್ತಾರೆ."

ಯಾರೋ ಒಬ್ಬರು ನಕ್ಕು, ನಗಬಾರದಿತ್ತೆಂದು ಗೊತ್ತಾಗಿ ಮೈಕ್ ಆರಿಸಿಕೊಂಡರು. ಹೊಸಬನಿಗೆ ಈ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವನು ನೋಡುತ್ತಿದ್ದಂತೆಯೇ ದರ್ಜಿ ಎಂದು ಬರೆದಿದ್ದ ಚೌಕ ಪರದೆಯಿಂದ ಮಾಯವಾಯಿತು.

ಹೊಸಬನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆಯಬಹುದಿತ್ತು, ಮೇಸ್ತ್ರಿಗೆ ಬಹುಶಃ ಅವನ ಮೇಲೆ ಕನಿಕರವಾಗಿರಬೇಕು, ಅದು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ದರ್ಜಿ ಓದುವ ಕೆಲಸದಲ್ಲೇ ಉಳಿದರು. ಆದರೆ ಅಂಚು ನೋಡಲು ಇನ್ನು ಮನುಷ್ಯರು ಬೇಡವೆಂದು ಮೇಸ್ತ್ರಿ ಒಂದು ವ್ಯವಸ್ಥೆ ಮಾಡಿದರು. ಯಾರು ಏನು ಕಳಿಸಿದರೂ ಅದು ದರ್ಜಿಯನ್ನು ತಲುಪುವ ಮುನ್ನ ಒಂದು ಪ್ರೋಗ್ರಾಂ ಹಾದಿಯಲ್ಲೇ ಹಿಡಿದು, ಟ್ಯಾಬ್ ಇದ್ದರೆ ತೆಗೆದು, ನಾಲ್ಕು ಸ್ಪೇಸ್ ಕೂರಿಸಿ, ಮುಂದಕ್ಕೆ ಬಿಡುತ್ತದೆ. ಇನ್ನು ಬೇಕೆಂದರೂ ತಪ್ಪಲು ಸಾಧ್ಯವಿರಲಿಲ್ಲ.

ಹಸಿರು ಗುರುತುಗಳು ಬಂದವು. ಕೆಳಗೆ ಒಂದಕ್ಷರವಿಲ್ಲ. ಹೊಸಬ ಕ್ಷಮಿಸಿ ಎಂದು ಬರೆದ, ಅಳಿಸಿದ, ಮತ್ತೆ ಬರೆದು ಕಳಿಸಿದ. ಅದಕ್ಕೂ ಉತ್ತರವಿಲ್ಲ. ಕೆಲವು ದಿನಗಳಾದ ಮೇಲೆ, ಅವನು ತಟ್ಟೆ ತೊಳೆಯುತ್ತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ದರ್ಜಿ. ನಂಬರ್ ಮೇಸ್ತ್ರಿ ಕೊಟ್ರು."

ಒದ್ದೆ ಕೈಯಲ್ಲೇ ಅವನು ನೆಟ್ಟಗೆ ನಿಂತ. "ಹೇಳಿ ಮೇಡಂ."

"ನನ್ನನ್ನ ಉಳಿಸಿದ್ರಿ ಅಂತ ಎಲ್ಲರೂ ಹೇಳ್ತಿದ್ದಾರೆ. ಥ್ಯಾಂಕ್ಸ್ ಹೇಳೋಕೆ ಮಾಡಿದ್ದಲ್ಲ. ಬೈಯ್ಯೋಕೆ ಮಾಡಿದ್ದು."

"ಬೈಯ್ಯಿರಿ."

"ನಿಮಗೆ ಕಲಿಸ್ತಿದೀನಿ ಅಂತ ಅಂದ್ಕೊಂಡಿದ್ದೆ ಕಣ್ರೀ. ಬೆಳಿಗ್ಗೆ ಎದ್ದ ತಕ್ಷಣ ಮೊದಲು ನಿಮ್ಮದು ತೆಗೀತಿದ್ದೆ. ಯಾವ ಥರ ಹೇಳಿದ್ರೆ ಇವರಿಗೆ ಅರ್ಥ ಆಗುತ್ತೆ ಅಂತ ಯೋಚನೆ ಮಾಡ್ತಿದ್ದೆ. ಮಗಳ ಹತ್ರ ಕೊಚ್ಕೊಂಡಿದ್ದೆ. ಈಗ ಅವಳು ಕೇಳ್ತಾಳೆ, ಕಲಿತ್ರಾ ಅಂತ. ಏನಂತ ಹೇಳ್ಲಿ? ಅವರಿಗೆ ಮೊದಲೇ ಬರ್ತಿತ್ತು, ನನ್ನನ್ನ ಆಟ ಆಡಿಸ್ತಿದ್ರು ಅಂತಾನಾ?"

ಕೆಲಸ ಹೋಗಿದ್ದರೂ ಅಷ್ಟು ನೋಯುತ್ತಿರಲಿಲ್ಲ ಅವರು. ಹೊಸಬನಿಗೆ ಅದು ಆಗ ತಿಳಿಯಿತು. ತಾನು ಸತ್ಯ ಹೇಳಿ ಅವರ ಕೆಲಸ ಉಳಿಸಿದ್ದ, ಅದೇ ಏಟಿಗೆ ಅವರ ಹತ್ತಿರ ಇದ್ದ ಇನ್ನೊಂದನ್ನು ಕಿತ್ತುಕೊಂಡಿದ್ದ. ಯಾರಿಗೋ ತಾವು ಬೇಕು ಎಂಬ ಅವರ ನಂಬಿಕೆ ಅದು.

"ಆಟ ಅಲ್ಲ ಮೇಡಂ" ಎಂದ. "ಆ ತಪ್ಪೆಲ್ಲ ಸುಳ್ಳು. ನೀವು ಬೇಕಾಗಿದ್ದು ಸುಳ್ಳಲ್ಲ. ಇಲ್ಲಿ ನನ್ನ ಜೊತೆ ಮಾತಾಡೋರು ಯಾರೂ ಇಲ್ಲ. ನಿಮ್ಮ ಟಿಪ್ಪಣಿ ಬಿಟ್ರೆ ದಿನಕ್ಕೆ ಒಂದು ಮಾತೂ ಬರಲ್ಲ ನನಗೆ."

ಹೀಗೆ ಒಬ್ಬರ ಮುಂದೆ ಹೇಳಿಬಿಟ್ಟೆನಲ್ಲ ಎಂದು ಅವನಿಗೇ ಅಚ್ಚರಿಯಾಯಿತು.

"ಮಾತಾಡ್ಬೇಕು ಅಂದ್ರೆ ಮಾತಾಡ್ಬೇಕಪ್ಪ" ಎಂದರು ದರ್ಜಿ. "ತಪ್ಪು ಮಾಡೋದಲ್ಲ."

"ಏನು ಅಂತ ಮಾತಾಡ್ಲಿ?"

ಸಾಲು ಹನ್ನೆರಡು, ಸಾಲು ನಲವತ್ತು ಏನೂ ಇಲ್ಲದೆ ಇಬ್ಬರೂ ಫೋನ್ ಹಿಡಿದು ನಿಂತರು. ಅವನು ಒಂದೆರಡು ಸಲ ಬಾಯಿ ತೆರೆದು ಮುಚ್ಚಿದ. ಅವರೂ "ಮತ್ತೆ..." ಎಂದು ಶುರುಮಾಡಿ ನಿಲ್ಲಿಸಿದರು. ಕೊನೆಗೆ "ಇಡ್ತೀನಿ" ಎಂದರು, ಇಟ್ಟರು. ಅವನು ಉಳಿದ ತಟ್ಟೆಗಳನ್ನು ತೊಳೆದ.

ಆಮೇಲೆ ದಿನವೂ ಅವನು ಒಂದು ಕಾರಣಕ್ಕಾಗಿ ಹುಡುಕಾಡಿದ. ಕೋಡಿನಲ್ಲಿ ಏನಾದರೂ ಕೇಳೋಣವೆಂದರೆ ಎಲ್ಲ ಗೊತ್ತಿದ್ದದ್ದೇ, ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ಕೇಳುವ ಬಾಗಿಲು ಮುಚ್ಚಿಹೋಗಿತ್ತು. ಬಸ್ಸುಗಳು ಸರಿಯಾಗಿ ಬರುತ್ತಿದ್ದವು, ಬೋರ್ಡು ಸರಿಯಾಗಿ ಹೇಳುತ್ತಿತ್ತು. ತಂಗಿ ಭಾನುವಾರ ಫೋನ್ ಮಾಡಿ ತನ್ನದನ್ನು ಹೇಳಿ ಇಟ್ಟಳು. ಹೇಳುವಂಥದ್ದು ಏನಾದರೂ ಆಗಲಿ ಎಂದು ಕಾದರೆ ಅವನ ಬದುಕಿನಲ್ಲಿ ಏನೂ ಆಗಲಿಲ್ಲ. ಹಾಗೆ ಕಾಯುತ್ತಲೇ ಇದ್ದರೆ ಮುಂದೆಯೂ ಏನೂ ಆಗುವುದಿಲ್ಲವೆಂದು ಒಂದು ಸಂಜೆ ಕಿಟಕಿಯ ಬಳಿ ನಿಂತಿದ್ದಾಗ ಅನಿಸಿ ಅವನಿಗೆ ಭಯವಾಯಿತು.

ಫೋನ್ ತೆಗೆದುಕೊಂಡು ನಂಬರ್ ಒತ್ತಿದ. ರಿಂಗಾಗುತ್ತಿದ್ದಾಗ ಇಟ್ಟುಬಿಡೋಣವೆಂದುಕೊಂಡ, ಅಷ್ಟರಲ್ಲಿ ಅವರು ಎತ್ತಿದರು.

"ಹೇಳಿ. ಏನಾದ್ರೂ ತೊಂದ್ರೆ ಆಯ್ತಾ? ಬೋರ್ಡ್ ನಿಂತುಹೋಯ್ತಾ?"

"ಇಲ್ಲ ಮೇಡಂ, ಎಲ್ಲ ಸರಿ ಇದೆ." ಅವನು ಕಿಟಕಿಗೆ ಬೆನ್ನು ಮಾಡಿ ನಿಂತ. "ಸುಮ್ನೆ ಮಾಡ್ದೆ."

ಆ ಕಡೆ ಅವರು ಕುರ್ಚಿಯೊಂದನ್ನು ಎಳೆದುಕೊಂಡು ಕೂತದ್ದು ಅವನಿಗೆ ಕೇಳಿಸಿತು.